ಒಂಬತ್ತು ಕಿಟಕಿ, ಎರಡು ಕೊಟೇಷನ್

ಮನೆಯ ಹಳೆಯ ಕಿಟಕಿಗಳನ್ನು ತೆಗೆಸಿ ಹೊಸದನ್ನು ಹಾಕಿಸುವ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಮೊದಲನೆಯ ಪತ್ರದಲ್ಲಿ ಉಳಿದವರ ಸಂದೇಹಗಳೂ ಬಹುಮಟ್ಟಿಗೆ ಸೇರಿರುವುದರಿಂದ ಅದಕ್ಕೆ ವಿಸ್ತಾರವಾಗಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ತಂದೆಯವರು 1988ರಲ್ಲಿ ಕಟ್ಟಿಸಿದ ಮನೆಯಲ್ಲಿ ನಾವು ವಾಸವಾಗಿದ್ದೇವೆ. ಒಟ್ಟು ಒಂಬತ್ತು ಕಿಟಕಿಗಳಿವೆ. ಎಲ್ಲಕ್ಕೂ ತೇಗದ ಚೌಕಟ್ಟು, ಒಳಗೆ ಕಬ್ಬಿಣದ ಗ್ರಿಲ್, ಹೊರಕ್ಕೆ ತೆರೆಯುವ ಗಾಜಿನ ಬಾಗಿಲುಗಳು. ಅಡುಗೆಮನೆಯ ಮತ್ತು ಮೆಟ್ಟಿಲ ಪಕ್ಕದ ಕಿಟಕಿಗಳ ಚೌಕಟ್ಟು ಕೆಳಭಾಗದಲ್ಲಿ ಕೊಳೆತಿದೆ. ಉಳಿದವುಗಳ ಚೌಕಟ್ಟು ಗಟ್ಟಿಯಾಗಿದ್ದರೂ ಬಾಗಿಲುಗಳು ಜೋತುಬಿದ್ದು ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ. ರಸ್ತೆಯ ಕಡೆಗಿರುವ ಎರಡು ಮಲಗುವ ಕೋಣೆಗಳಲ್ಲಿ ವಾಹನಗಳ ಸದ್ದಿನಿಂದ ನಿದ್ದೆ ಬರುವುದಿಲ್ಲ. ಎಲ್ಲವನ್ನೂ ಯುಪಿವಿಸಿಗೆ (ಗಟ್ಟಿ ಪ್ಲಾಸ್ಟಿಕ್‌ನ ಕಿಟಕಿಗೆ) ಬದಲಿಸಲು ಎರಡು ಕಡೆ ಕೊಟೇಷನ್ ತೆಗೆದುಕೊಂಡೆವು. ಒಟ್ಟು 160 ಚದರ ಅಡಿಗೆ ಒಬ್ಬರು ಚದರ ಅಡಿಗೆ 480 ರೂಪಾಯಿಯಂತೆ 76,800 ರೂಪಾಯಿ ಹೇಳಿದ್ದಾರೆ. ಇನ್ನೊಬ್ಬರು 1,150 ರೂಪಾಯಿಯಂತೆ 1,84,000 ಹೇಳಿದ್ದಾರೆ. ಮೊದಲನೆಯದು ಸ್ಲೈಡಿಂಗ್, 5 ಮಿ.ಮೀ. ಒಂಟಿ ಗಾಜು. ಎರಡನೆಯದು ಹೊರಕ್ಕೆ ತೆರೆಯುವ ಬಾಗಿಲು, ಜೋಡಿ ಗಾಜು. ಒಂದು ಲಕ್ಷಕ್ಕೂ ಮೀರಿದ ಈ ವ್ಯತ್ಯಾಸಕ್ಕೆ ತಕ್ಕ ಪ್ರಯೋಜನ ಸಿಗುತ್ತದೆಯೇ?
— ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಕೈಯಲ್ಲಿರುವುದು ಒಂದೇ ವಸ್ತುವಿನ ಎರಡು ದರಗಳಲ್ಲ. ತೆರೆಯುವ ರೀತಿ, ಗಾಜು, ಪ್ರೊಫೈಲ್ (ಚೌಕಟ್ಟು ಮತ್ತು ಬಾಗಿಲಿಗೆ ಬಳಸುವ ಟೊಳ್ಳು ಪಟ್ಟಿ), ಕೀಲು, ಹಿಡಿಕೆ ಎಲ್ಲವೂ ಬೇರೆಯಾಗಿರುವ ಎರಡು ವಸ್ತುಗಳ ದರಗಳವು. 480 ಮತ್ತು 1,150ನ್ನು ಅಕ್ಕಪಕ್ಕ ಬರೆದು ನೋಡಿದರೆ ಏನೂ ತಿಳಿಯದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಇಬ್ಬರೂ ನಿಮ್ಮ ಒಂಬತ್ತು ಕಿಟಕಿಗಳನ್ನು ಒಂದೇ ಬಗೆಯವೆಂದು ಎಣಿಸಿ ಚದರ ಅಡಿಯ ಲೆಕ್ಕ ಹಾಕಿಬಿಟ್ಟಿದ್ದಾರೆ. ನಿಮ್ಮ ಪತ್ರವೇ ಹೇಳುವಂತೆ ಎರಡು ಕಿಟಕಿಗಳಿಗೆ ಸದ್ದಿನ ಕಾಟ, ಎರಡಕ್ಕೆ ಕೊಳೆತ ಚೌಕಟ್ಟು, ಮಿಕ್ಕ ಐದಕ್ಕೆ ಬರೀ ಜೋತುಬಿದ್ದ ಬಾಗಿಲು. ಇಡೀ ಮನೆಗೆ ಅಗ್ಗದ್ದು ಅಥವಾ ಇಡೀ ಮನೆಗೆ ದುಬಾರಿಯದು ಎಂಬ ಆಯ್ಕೆಯನ್ನು ನೀವು ಒಪ್ಪಿಕೊಳ್ಳಬೇಕಾಗಿಲ್ಲ. ತೊಂದರೆ ಇರುವ ಕಿಟಕಿಗೆ ಧಾರಾಳವಾಗಿ ಖರ್ಚು ಮಾಡಿ, ಉಳಿದವುಗಳಲ್ಲಿ ಕೈ ಬಿಗಿಹಿಡಿಯುವುದು ಸರಿಯೆಂದು ನನಗೆ ತೋರುತ್ತದೆ.

ಮೊದಲು ಗಾಳಿಯ ವಿಚಾರ. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ದಿನ ಕಿಟಕಿ ತೆರೆದಿಟ್ಟರೆ ಸಾಕು, ಮನೆ ತಂಪಾಗಿರುತ್ತದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ ಇಕೋ ನಿವಾಸ ಸಂಹಿತೆಯು, ಬೆಂಗಳೂರಿನಂಥ ಹಿತವಾದ ಹವೆಯ ಊರುಗಳಲ್ಲಿ ಮನೆಯ ಒಳವಿಸ್ತೀರ್ಣದ ಶೇ 12.5ರಷ್ಟಾದರೂ ತೆರೆಯಬಲ್ಲ ಜಾಗವಿರಬೇಕು ಎನ್ನುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಕಿಟಕಿಯ ಒಟ್ಟು ಅಳತೆಯಲ್ಲ, ಅದು ತೆರೆದಾಗ ಸಿಗುವ ಜಾಗ. ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ಎಷ್ಟು ಸರಿಸಿದರೂ ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಹೊರಕ್ಕೆ ತೆರೆಯುವ ಬಾಗಿಲಾದರೆ ಹತ್ತರಲ್ಲಿ ಒಂಬತ್ತು ಪಾಲು ತೆರೆಯುತ್ತದೆ. ಈಗ 20 ಚದರ ಅಡಿ ಇರುವ ನಿಮ್ಮ ಕಿಟಕಿಯಲ್ಲಿ 18 ಚದರ ಅಡಿಯಷ್ಟು ಗಾಳಿ ಬರುತ್ತಿದೆ. ಸ್ಲೈಡಿಂಗ್ ಹಾಕಿಸಿದ ಮರುದಿನದಿಂದ ಅದು 10ಕ್ಕೆ ಇಳಿಯುತ್ತದೆ. ಅಗ್ಗದ ಕೊಟೇಷನ್‌ನಲ್ಲಿ ಎಲ್ಲಿಯೂ ಬರೆಯದ ನಷ್ಟ ಇದು. ಹಳೆಯ ಮನೆಗಳಲ್ಲಿ ಸ್ಲೈಡಿಂಗ್ ಹಾಕಿಸಿದ ಮೇಲೆ ಸೆಕೆ ಹೆಚ್ಚಾಯಿತೆಂದು ಹೇಳುವವರು ಯುಪಿವಿಸಿಯನ್ನು ದೂರುತ್ತಾರೆ; ಬಹಳಷ್ಟು ಸಲ ತಪ್ಪು ಯುಪಿವಿಸಿಯದಲ್ಲ, ಮುಚ್ಚಿಹೋದ ಅರ್ಧ ಕಿಟಕಿಯದು.

ಹೊರಕ್ಕೆ ತೆರೆಯುವ ಕಿಟಕಿಗೂ ಒಂದು ಕಿರಿಕಿರಿ ಇದೆಯೆಂಬುದನ್ನು ಮರೆಯಬಾರದು. ಬಾಗಿಲು ಹೊರಕ್ಕೆ ಹೋದರೆ ಸೊಳ್ಳೆಯ ಮೆಶ್ ಒಳಗೆ ಬರಬೇಕು, ನಡುವೆ ಗ್ರಿಲ್. ಪ್ರತಿ ಸಂಜೆ ಮೆಶ್ ತೆರೆದು, ಗ್ರಿಲ್ಲಿನ ಸಂದಿಯಲ್ಲಿ ಕೈ ಹಾಕಿ, ಹಿಡಿಕೆ ಎಳೆದುಕೊಂಡು, ಮತ್ತೆ ಮೆಶ್ ಮುಚ್ಚಬೇಕು. ಗ್ರಿಲ್ಲಿನ ಸಂದಿ ಕಿರಿದಾಗಿದ್ದರೆ ಮುಂಗೈ ತುರುಕುವುದೇ ಕಷ್ಟ. ಆದ್ದರಿಂದ ಹಿಡಿಕೆ ಎಲ್ಲಿ ಬರುತ್ತದೆ, ಅದರ ನೇರಕ್ಕೆ ಗ್ರಿಲ್ಲಿನಲ್ಲಿ ಕೈಗೆ ಜಾಗವಿದೆಯೇ ಎಂಬುದನ್ನು ಆರ್ಡರ್ ಕೊಡುವ ಮೊದಲೇ ಅಳೆದು ನೋಡಿ.

ಇನ್ನು ರಸ್ತೆಯ ಸದ್ದು. ಜೋಡಿ ಗಾಜು ಹಾಕಿಸಿದರೆ ಸದ್ದು ಸಂಪೂರ್ಣ ನಿಲ್ಲುತ್ತದೆಂದು ಮಾರುವವರು ಹೇಳುವುದುಂಟು. ಆದರೆ ಗಾಜಿನ ದಪ್ಪಕ್ಕಿಂತ ಮೊದಲು ಸದ್ದು ಹುಡುಕುವುದು ಸಂದಿಯನ್ನು. ಸ್ಲೈಡಿಂಗ್ ಕಿಟಕಿಯ ಬಾಗಿಲು ಸರಿಯಲೇಬೇಕಾದ್ದರಿಂದ ಅದರ ಅಂಚಿಗೆ ಬ್ರಷ್‌ನಂಥ ನಾರಿನ ಪಟ್ಟಿ ಇರುತ್ತದೆ. ಅದರ ಮೂಲಕ ಗಾಳಿ ನುಸುಳುತ್ತದೆ, ಗಾಳಿ ನುಸುಳುವಲ್ಲಿ ಸದ್ದೂ ನುಸುಳುತ್ತದೆ. ಬಾಗಿಲು ಚೌಕಟ್ಟಿಗೆ ಒತ್ತಿ ಕೂರುವ, ಸುತ್ತ ರಬ್ಬರ್ ಗ್ಯಾಸ್ಕೆಟ್ ಇರುವ, ಹಿಡಿಕೆ ತಿರುಗಿಸಿದಾಗ ಒಂದಕ್ಕಿಂತ ಹೆಚ್ಚು ಕಡೆ ಬೀಗ ಬೀಳುವ ಕಿಟಕಿಯಲ್ಲಿ ಈ ತೊಂದರೆ ಬಹಳ ಕಡಿಮೆ. ಗಾಜಿನ ವಿಷಯದಲ್ಲಿಯೂ ಎರಡು ಒಂದೇ ದಪ್ಪದ ಗಾಜುಗಳ ಜೋಡಿಗಿಂತ, ನಡುವೆ ಪಾರದರ್ಶಕ ಪದರವಿಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು ವಾಹನಗಳ ಸದ್ದಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಜೋಡಿ ಗಾಜೇ ಬೇಕೆಂದರೆ ಎರಡರ ದಪ್ಪ ಬೇರೆ ಬೇರೆ ಇರಲಿ, ಒಂದಾದರೂ ಲ್ಯಾಮಿನೇಟೆಡ್ ಆಗಿರಲಿ. ಒಟ್ಟಿನಲ್ಲಿ ಈ ಎರಡು ಕಿಟಕಿಗಳಿಗೆ ದುಬಾರಿ ಕೊಟೇಷನ್ನೇ ಸರಿ. ಆದರೆ ಮುಚ್ಚಿದಾಗ ಮಾತ್ರ ಸದ್ದು ನಿಲ್ಲುವುದರಿಂದ ರಾತ್ರಿ ಗಾಳಿಗೆ ಬೇರೆ ದಾರಿ ಬೇಕು. ಆ ಕೋಣೆಗಳಿಗೆ ಪಕ್ಕದ ಗೋಡೆಯಲ್ಲಿ ವೆಂಟಿಲೇಟರ್ ಇದ್ದರೆ ಅದನ್ನು ಯಾವ ಕಾರಣಕ್ಕೂ ಮುಚ್ಚಿಸಬೇಡಿ.

ಮಿಕ್ಕ ಕಿಟಕಿಗಳಿಗೆ ಜೋಡಿ ಗಾಜು ಅನಗತ್ಯ. ಜೋಡಿ ಗಾಜಿನ ಕಿಟಕಿ ಹುಟ್ಟಿದ್ದು ಹೊರಗೆ ಹಿಮ ಬೀಳುತ್ತಿರುವಾಗ ಒಳಗಿನ ಬಿಸಿಯನ್ನು ಹಿಡಿದಿಡಬೇಕಾದ ದೇಶಗಳಲ್ಲಿ. ದಿನವಿಡೀ ತೆರೆದಿರುವ ಕಿಟಕಿಯಲ್ಲಿ ಗಾಜು ಒಂದಿದ್ದರೂ ಎರಡಿದ್ದರೂ ಬಿಸಿಯ ಮಟ್ಟಿಗೆ ವ್ಯತ್ಯಾಸವಿಲ್ಲ. ಮೇಲಾಗಿ ಎರಡು ಗಾಜುಗಳ ಅಂಚಿನ ಬಂಧ ಸಡಿಲವಾದರೆ ನಡುವೆ ತೇವ ಸೇರಿ ಮಬ್ಬಾಗುತ್ತದೆ. ಅದನ್ನು ಒರೆಸಲು ಬರುವುದಿಲ್ಲ, ಆ ಗಾಜಿನ ಜೋಡಿಯನ್ನೇ ಬದಲಿಸಬೇಕು.

ಈಗ ತೇಗದ ಮಾತು. ಗಟ್ಟಿಯಾಗಿರುವ ಐದು ತೇಗದ ಚೌಕಟ್ಟುಗಳನ್ನು ಕೀಳಿಸುವುದು ನನಗೆ ಸರಿಕಾಣುವುದಿಲ್ಲ. ಅಂದಿನ ಮನೆಗಳಿಗೆ ಬಳಸುತ್ತಿದ್ದ ಬಲಿತ ಮರ ಇಂದು ಹೊಸದಾಗಿ ಕೊಳ್ಳಹೋದರೆ ಎರಡನೆಯ ಕೊಟೇಷನ್ನಿಗಿಂತಲೂ ದುಬಾರಿಯಾದೀತು. ಗೋಡೆಗೆ ಕಟ್ಟಿದ ಚೌಕಟ್ಟು ಕೀಳುವಾಗ ಸುತ್ತಲಿನ ಗಾರೆ ಉದುರುತ್ತದೆ, ಒಳಗಿನ ಕಲ್ಲು ಅಥವಾ ಟೈಲ್ಸ್ ಒಡೆಯುತ್ತದೆ, ಚೌಕಟ್ಟಿಗೇ ಕೂಡಿಸಿದ್ದ ಗ್ರಿಲ್ ಹೋಗುತ್ತದೆ. ಹೊಸ ಗ್ರಿಲ್, ಪ್ಲಾಸ್ಟರಿಂಗ್, ಬಣ್ಣ, ಇವು ನಿಮ್ಮ ಎರಡೂ ಕೊಟೇಷನ್‌ಗಳಲ್ಲಿ ಸೇರಿವೆಯೇ ಎಂದು ಕೇಳಿ ನೋಡಿ, ಸಾಮಾನ್ಯವಾಗಿ ಸೇರಿರುವುದಿಲ್ಲ. ಜೋತುಬಿದ್ದ ಬಾಗಿಲಿಗೆ ಬಡಗಿಯೊಬ್ಬರು ಸಾಕು: ಮೂಲೆಯ ಕೂಡು ಬಿಗಿಮಾಡಿ, ತುಕ್ಕುಹಿಡಿದ ಕಬ್ಬಿಣದ ಕೀಲಿನ ಬದಲು ಸ್ಟೀಲ್ ಅಥವಾ ಹಿತ್ತಾಳೆಯ ಕೀಲು ಹಾಕಿ, ಬಾಗಿಲು ಕೂರುವ ಅಂಚಿಗೆ ತೆಳುವಾದ ರಬ್ಬರ್ ಪಟ್ಟಿ ಅಂಟಿಸಿ, ಗಾಜಿನ ಸುತ್ತ ಉದುರಿದ ಪಟ್ಟಿಗಳ ಬದಲು ಹೊಸ ಪಟ್ಟಿ ಹೊಡೆದರೆ ಆ ಕಿಟಕಿಗಳು ಇನ್ನೂ ಬಹುಕಾಲ ಬಾಳುತ್ತವೆ. ಬಾಗಿಲೇ ಹಾಳಾಗಿದ್ದರೆ ಬಾಗಿಲನ್ನು ಮಾತ್ರ ಹೊಸದಾಗಿ ಮಾಡಿಸಬಹುದು. ಇನ್ನೊಂದು ಮಾತು: ಹಳೆಯ ಚೌಕಟ್ಟುಗಳನ್ನು ತಾವೇ ಉಚಿತವಾಗಿ ಸಾಗಿಸುವುದಾಗಿ ಕಂಟ್ರಾಕ್ಟರ್ ಹೇಳಿದರೆ ಅದನ್ನು ಉಪಕಾರವೆಂದು ತಿಳಿಯಬೇಡಿ. ಹಳೆಯ ತೇಗಕ್ಕೆ ಮರದ ಅಂಗಡಿಯಲ್ಲಿ ಒಳ್ಳೆಯ ಬೆಲೆಯಿದೆ.

ಅಡುಗೆಮನೆ ಮತ್ತು ಮೆಟ್ಟಿಲ ಪಕ್ಕದ ಕಿಟಕಿಗಳಿಗೆ ಒಂಟಿ ಗಾಜಿನ, ಮಧ್ಯಮ ದರದ ಯುಪಿವಿಸಿ ಸಾಕು. ಆದರೆ ಹೊಸದನ್ನು ಕೂರಿಸುವ ಮೊದಲು ಹಳೆಯದು ಏಕೆ ಕೊಳೆಯಿತೆಂದು ನೋಡಿ. ಚೌಕಟ್ಟಿನ ಕೆಳಭಾಗ ಮಾತ್ರ ಕೊಳೆತಿದೆಯೆಂದರೆ ಹೊರಗಿನ ಕಟ್ಟೆಯ ಇಳಿಜಾರು ಒಳಕ್ಕಿರಬೇಕು, ಇಲ್ಲವೇ ಮೇಲಿನ ಸಜ್ಜಾದ ಅಡಿಯಲ್ಲಿ ನೀರು ತೊಟ್ಟಿಕ್ಕಲು ಬಿಡುವ ಗೀರು ಮುಚ್ಚಿಹೋಗಿ ನೀರು ಗೋಡೆಗುಂಟ ಇಳಿಯುತ್ತಿರಬೇಕು. ಅದನ್ನು ಸರಿಪಡಿಸದೆ ಯುಪಿವಿಸಿ ಹಾಕಿಸಿದರೆ ಚೌಕಟ್ಟು ಕೊಳೆಯದು, ಗೋಡೆ ಕೊಳೆಯುತ್ತದೆ.

ಲೆಕ್ಕ ಹೀಗಾಗುತ್ತದೆ. ರಸ್ತೆಯ ಕಡೆಯ ಎರಡು ಕಿಟಕಿಗಳು ತಲಾ 20 ಚದರ ಅಡಿ ಎಂದುಕೊಂಡರೆ 1,150ರ ದರದಲ್ಲಿ 46,000 ರೂಪಾಯಿ. ಕೊಳೆತ ಎರಡು ಕಿಟಕಿಗಳು ಒಟ್ಟು 32 ಚದರ ಅಡಿ ಎಂದುಕೊಂಡರೆ 480ರ ದರದಲ್ಲಿ 15,360 ರೂಪಾಯಿ. ಪ್ರೊಫೈಲ್ ಮತ್ತು ಕೀಲುಗಳನ್ನು ಉತ್ತಮಪಡಿಸಲು ಇದರ ಮೇಲೆ ಕಾಲು ಭಾಗ ಹೆಚ್ಚು ಕೊಟ್ಟರೂ 20,000 ದಾಟದು. ಐದು ಕಿಟಕಿಗಳ ಬಡಗಿ ಕೆಲಸವನ್ನು ಸೇರಿಸಿದರೂ ಅಗ್ಗದ ಕೊಟೇಷನ್ನಿನ ಆಸುಪಾಸಿನಲ್ಲಿಯೇ ಕೆಲಸ ಮುಗಿಯುವ ಸಂಭವವಿದೆ, ಮತ್ತು ರಾತ್ರಿಯ ನಿದ್ದೆಯೂ ಸಿಗುತ್ತದೆ.

ಯಾರಿಂದ ಮಾಡಿಸಿದರೂ ಕೆಲವು ಪರೀಕ್ಷೆಗಳನ್ನು ನೀವೇ ಮಾಡಬಹುದು. ಪ್ರೊಫೈಲ್‌ನ ಅಡ್ಡಕ್ಕೆ ಕತ್ತರಿಸಿದ ತುಂಡನ್ನು ಕೇಳಿ ಪಡೆಯಿರಿ. ಯುರೋಪಿನ ಮಾನದಂಡದಲ್ಲಿ ಮೇಲ್ದರ್ಜೆಯ ಪ್ರೊಫೈಲ್‌ನ ಹೊರಗೆ ಕಾಣುವ ಗೋಡೆ ಕನಿಷ್ಠ 2.8 ಮಿ.ಮೀ., ಎರಡನೆಯ ದರ್ಜೆಯದು 2.5 ಮಿ.ಮೀ. ಇರಬೇಕು, ಅಳೆಯಲು ಚಿಕ್ಕ ಕ್ಯಾಲಿಪರ್ ಸಾಕು. ಒಳಗಿನ ಟೊಳ್ಳಿನಲ್ಲಿ ಸತು ಲೇಪಿಸಿದ ಉಕ್ಕಿನ ಪಟ್ಟಿ ಇರಬೇಕು. ಮಾದರಿ ತುಂಡಿನಲ್ಲಿ ಅದನ್ನು ತೋರಿಸಿ, ಮನೆಗೆ ತರುವ ಕಿಟಕಿಯಲ್ಲಿ ಬಿಟ್ಟುಬಿಡುವವರೂ ಇದ್ದಾರೆ; ಬಲವಾದ ಅಯಸ್ಕಾಂತವೊಂದನ್ನು ಚೌಕಟ್ಟಿನ ಉದ್ದಕ್ಕೂ ಹಿಡಿದರೆ ಉಕ್ಕು ಎಲ್ಲಿಯವರೆಗೆ ಇದೆಯೆಂದು ಕೈಗೇ ತಿಳಿಯುತ್ತದೆ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿಗೊಳಿಸಿದ, ಗಾಜೆಂದು ಹೇಳಿದ್ದರೆ ಅದರ ಮೂಲೆಯಲ್ಲಿ ಭಾರತೀಯ ಮಾನದಂಡದ ಸಂಖ್ಯೆಯಾದ ಐಎಸ್ 2553 ಎಂಬ ಅಳಿಸಲಾಗದ ಗುರುತನ್ನು ಹುಡುಕಿ. ಒಮ್ಮೆ ಟಫನ್ ಮಾಡಿದ ಗಾಜನ್ನು ಮತ್ತೆ ಕತ್ತರಿಸಲಾಗದು, ಹಾಗಾಗಿ ಮನೆಯಲ್ಲಿ ನಿಂತು ಅಂಚು ಕತ್ತರಿಸಿ ಕೂರಿಸುತ್ತಿರುವ ಗಾಜು ಖಂಡಿತ ಟಫನ್ ಅಲ್ಲ.

ಕಿಟಕಿ ಕೂರಿಸುವ ದಿನ ಮನೆಯಲ್ಲಿ ಯಾರಾದರೂ ಇರಬೇಕು. ಗೋಡೆ ಮತ್ತು ಚೌಕಟ್ಟಿನ ನಡುವೆ ಬಳಿಯುವ ಸಿಲಿಕೋನ್ ಹುಳಿ ವಿನೆಗರ್‌ನಂತೆ ವಾಸನೆ ಹೊಡೆದರೆ ಅದು ಅಸೆಟಿಕ್ ಬಗೆಯದು. ಅಗ್ಗ, ಗಾಜಿಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಸಿಮೆಂಟ್ ಗೋಡೆಗೆ ಹೇಳಿಸಿದ್ದಲ್ಲ, ಲೋಹವನ್ನೂ ತಿನ್ನುತ್ತದೆ. ಗೋಡೆಗೆ ನ್ಯೂಟ್ರಲ್ ಬಗೆಯದೇ ಬೇಕೆಂದು ಕೊಟೇಷನ್‌ನಲ್ಲಿಯೇ ಬರೆಸಿ. ಕೆಲಸ ಮುಗಿದ ಮೇಲೆ ಒಂದು ಪರೀಕ್ಷೆ: ಕಾಗದದ ಪಟ್ಟಿಯೊಂದನ್ನು ಬಾಗಿಲು ಮತ್ತು ಚೌಕಟ್ಟಿನ ನಡುವೆ ಇಟ್ಟು ಹಿಡಿಕೆ ಹಾಕಿ ಎಳೆಯಿರಿ. ನಾಲ್ಕೂ ಬದಿಯಲ್ಲಿ ಅದು ಬಿಗಿಯಾಗಿ ಹಿಡಿದುಕೊಂಡರೆ ಗ್ಯಾಸ್ಕೆಟ್ ಒತ್ತಿ ಕೂತಿದೆಯೆಂದರ್ಥ. ಸಲೀಸಾಗಿ ಜಾರಿಬಂದರೆ ನೀವು ಕೊಟ್ಟ ದುಬಾರಿ ಬೆಲೆ ಆ ಸಂದಿಯಲ್ಲಿಯೇ ಸೋರಿಹೋಗುತ್ತಿದೆ. ಕೊನೆಯ ಕಂತಿನ ಹಣವನ್ನು ಈ ಪರೀಕ್ಷೆಯ ನಂತರವೇ ಕೊಡಿ.

ಪ್ರಶ್ನೆ: ನಮ್ಮ ಮನೆ ಮಲ್ಪೆಯ ಹತ್ತಿರ, ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳಲ್ಲಿ ಮಳೆಗಾಲದಲ್ಲಿ ನೀರು ಒಳಗೆ ಬಂದು ನೆಲವೆಲ್ಲ ಒದ್ದೆಯಾಗುತ್ತದೆ. ಸಿಲಿಕೋನ್ ಎಷ್ಟು ಸಲ ಹಾಕಿಸಿದರೂ ನಿಲ್ಲುತ್ತಿಲ್ಲ. ಇನ್ನು ದುಬಾರಿಯದನ್ನೇ ಹಾಕಿಸಬೇಕೆಂದು ಮಗ ಹೇಳುತ್ತಿದ್ದಾನೆ.
— ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ನಿಮ್ಮ ಮಗ ಹೇಳುವುದರಲ್ಲಿ ಅರ್ಧ ನಿಜವಿದೆ. ನೀರು ಬರುತ್ತಿರುವುದು ಬಹುಶಃ ಗೋಡೆಯ ಸಂದಿಯಿಂದಲ್ಲ, ಕಿಟಕಿಯ ಕೆಳಗಿನ ಟ್ರ್ಯಾಕಿನಿಂದ. ಆದ್ದರಿಂದಲೇ ಸಿಲಿಕೋನ್ ಹಾಕಿದ್ದು ಉಪಯೋಗಕ್ಕೆ ಬಂದಿಲ್ಲ. ಸ್ಲೈಡಿಂಗ್ ಕಿಟಕಿಯ ಟ್ರ್ಯಾಕಿನಲ್ಲಿ ಎರಚಲಿನ ನೀರು ತುಂಬುವುದು ಸಹಜ. ಅದು ಹೊರಗೆ ಹರಿಯಲು ಕೆಳಗೆ ತೂತುಗಳಿರುತ್ತವೆ. ಗಾಳಿಯಿಲ್ಲದ ದಿನ ಅವು ಕೆಲಸ ಮಾಡುತ್ತವೆ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿ ಎದುರಿನಿಂದ ಬಡಿದಾಗ ಅದರ ಒತ್ತಡ ಟ್ರ್ಯಾಕಿನ ನೀರನ್ನು ಸುಮಾರು 12 ಮಿ.ಮೀ. ಮೇಲೆತ್ತಬಲ್ಲದು, ವೇಗ 70 ಆದರೆ ಸುಮಾರು 23 ಮಿ.ಮೀ. ಟ್ರ್ಯಾಕಿನ ಒಳಅಂಚು ಅದಕ್ಕಿಂತ ತಗ್ಗಾಗಿದ್ದರೆ ನೀರು ಒಳಗೆ ಚೆಲ್ಲಲೇಬೇಕು. ಅಗ್ಗದ ಸ್ಲೈಡಿಂಗ್ ಮತ್ತು ಒಳ್ಳೆಯ ಸ್ಲೈಡಿಂಗ್ ನಡುವಿನ ನಿಜವಾದ ಅಂತರ ಕಡಲತೀರದಲ್ಲಿ ಈ ಒಳಅಂಚಿನ ಎತ್ತರದಲ್ಲಿದೆ, ಅಂಗಡಿಯಲ್ಲಿ ತೋರಿಸುವ ಬಣ್ಣ ಮತ್ತು ಹೊಳಪಿನಲ್ಲಲ್ಲ.

ಹೊಸದನ್ನು ಹಾಕಿಸುವ ಮೊದಲು ಈಗಿರುವುದನ್ನೇ ಪರೀಕ್ಷಿಸಿ. ಬಿಸಿಲಿನ ದಿನ ಒಂದು ಚೊಂಬು ನೀರನ್ನು ಟ್ರ್ಯಾಕಿಗೆ ನಿಧಾನವಾಗಿ ಹೊಯ್ಯಿರಿ. ನೀರು ಹೊರಗಿನ ತೂತುಗಳಿಂದ ಕೂಡಲೇ ಇಳಿಯಬೇಕು. ನಿಂತರೆ ತೂತುಗಳಲ್ಲಿ ಮರಳು ಮತ್ತು ಧೂಳು ಕಟ್ಟಿಕೊಂಡಿರಬೇಕು, ಅಥವಾ ಹಿಂದೆ ಬಳಿದ ಸಿಲಿಕೋನೇ ಅವುಗಳನ್ನು ಮುಚ್ಚಿರಬೇಕು. ಸೋರಿಕೆ ನಿಲ್ಲಿಸಲು ಬಂದವರು ನೀರು ಹೋಗುವ ದಾರಿಯನ್ನೇ ಮುಚ್ಚಿ ಹೋಗುವುದು ಅಪರೂಪವೇನಲ್ಲ.

ಗಾಳಿ ನೇರವಾಗಿ ಬಡಿಯುವ ಪಶ್ಚಿಮ ಮತ್ತು ನೈರುತ್ಯದ ಕಡೆಯ ಕಿಟಕಿಗಳಲ್ಲಿ ಸ್ಲೈಡಿಂಗ್ ಬಿಟ್ಟು ಹೊರಕ್ಕೆ ತೆರೆದು ಒತ್ತಿ ಮುಚ್ಚುವ ಕಿಟಕಿಗೆ ಹೋಗುವುದು ಒಳ್ಳೆಯದು. ಗಾಳಿ ಜೋರಾದಷ್ಟೂ ಅದರ ಬಾಗಿಲು ಗ್ಯಾಸ್ಕೆಟ್‌ಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಉಳಿದ ಕಡೆ ಈಗಿರುವುದನ್ನು ಉಳಿಸಿಕೊಳ್ಳಬಹುದು.

ಉಪ್ಪುಗಾಳಿಯ ಬಗ್ಗೆ ಒಂದು ಎಚ್ಚರಿಕೆ. ಯುಪಿವಿಸಿಗೆ ತುಕ್ಕಿಲ್ಲ ಎನ್ನುವುದು ಪ್ರೊಫೈಲ್‌ನ ಮಟ್ಟಿಗೆ ಸರಿ. ಅದರೊಳಗಿನ ಉಕ್ಕು, ಸ್ಕ್ರೂ, ಕೀಲು, ಬೀಗ, ಇವೆಲ್ಲ ಲೋಹವೇ, ಮತ್ತು ಕಡಲತೀರದಲ್ಲಿ ಕಿಟಕಿ ಸಾಯುವುದು ಇವುಗಳಿಂದ. ಸ್ಟೀಲ್ ಎಂದು ಹೇಳಿ 202 ದರ್ಜೆಯದನ್ನು ಹಾಕಿದರೆ ಬೇಗನೆ ಕಂದು ಕಲೆ ಕಾಣಿಸಿಕೊಳ್ಳುತ್ತದೆ. 304 ಅದಕ್ಕಿಂತ ಮೇಲು. ಮಾಲಿಬ್ಡಿನಮ್ ಬೆರೆತಿರುವ 316 ಉಪ್ಪಿಗೆ ಹೆಚ್ಚು ತಡೆಯುತ್ತದೆ. ಸಮುದ್ರಕ್ಕೆ ಇಷ್ಟು ಹತ್ತಿರವಿರುವ ನೀವು ಕೀಲು ಮತ್ತು ಸ್ಕ್ರೂಗಳಿಗಾದರೂ 316ನ್ನೇ ಕೇಳಿ, ಬಿಲ್ಲಿನಲ್ಲಿ ಆ ಸಂಖ್ಯೆ ಬರೆಸಿಕೊಳ್ಳಿ. ಹಣ ಸಾಲದಿದ್ದರೆ ಗಾಜಿನಲ್ಲಿ ಉಳಿಸಿ, ಕೀಲಿನಲ್ಲಿ ಉಳಿಸಬೇಡಿ. ಮನೆಯ ಹಿಂದಿನ ಭಾಗದಲ್ಲಿ ಹಲಸು ಅಥವಾ ಕಿರಾಲ್‌ಬೋಗಿ ಮರದ ಹಳೆಯ ಕಿಟಕಿಗಳೇನಾದರೂ ಉಳಿದಿದ್ದರೆ, ಅವುಗಳ ಮೇಲೆ ಮಾಡು ಸಾಕಷ್ಟು ಮುಂದೆ ಚಾಚಿದ್ದರೆ, ಅವನ್ನು ಮುಟ್ಟುವ ಅಗತ್ಯವೇ ಇಲ್ಲ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಮನೆಯ ಪಶ್ಚಿಮದ ಕೋಣೆ ಕಾದ ಹಂಚಿನಂತಾಗುತ್ತದೆ. ಎಸಿ ಹಾಕಿದರೂ ಸಂಜೆಯವರೆಗೆ ತಣ್ಣಗಾಗುವುದಿಲ್ಲ. ಜೋಡಿ ಗಾಜಿನ ಕಿಟಕಿ ಹಾಕಿಸಿದರೆ ಕರೆಂಟಿನ ಬಿಲ್ಲಿನಲ್ಲಿಯೇ ಹಣ ವಾಪಸಾಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ಕಲಬುರಗಿ

ಉತ್ತರ: ನಿಮ್ಮ ಊರಿನಲ್ಲಿ ಹೊರಗೆ 40 ಡಿಗ್ರಿ ದಾಟುವುದರಿಂದ, ಎಸಿ ಹಾಕಿ ಕಿಟಕಿ ಮುಚ್ಚಿಡುವುದರಿಂದ, ಪ್ರಶ್ನೆ ನ್ಯಾಯವಾದದ್ದೇ. ಆದರೆ ಗಾಜಿನ ಮೂಲಕ ಬಿಸಿ ಎರಡು ದಾರಿಗಳಲ್ಲಿ ಬರುತ್ತದೆ: ಒಂದು, ಹೊರಗಿನ ಬಿಸಿಗಾಳಿಯಿಂದ ಗಾಜು ಕಾದು ಒಳಗೆ ದಾಟುವ ಬಿಸಿ, ಇನ್ನೊಂದು, ಗಾಜನ್ನು ನೇರವಾಗಿ ತೂರಿ ಬರುವ ಬಿಸಿಲು. ಜೋಡಿ ಗಾಜು ತಡೆಯುವುದು ಮೊದಲನೆಯದನ್ನು. ನಿಮ್ಮ ಕೋಣೆಯನ್ನು ಕಾಯಿಸುತ್ತಿರುವುದು ಎರಡನೆಯದು.

ಅಂದಾಜು ಲೆಕ್ಕ ನೋಡಿ. 5 ಅಡಿಗೆ 4 ಅಡಿಯ ಕಿಟಕಿಯೆಂದರೆ ಸುಮಾರು 1.86 ಚದರ ಮೀಟರ್. ಹೊರಗಿಗೂ ಒಳಗಿಗೂ 8 ಡಿಗ್ರಿ ವ್ಯತ್ಯಾಸವಿದ್ದಾಗ ಒಂಟಿ ಗಾಜಿನ ಮೂಲಕ ದಾಟುವ ಬಿಸಿ ಸುಮಾರು 85 ವ್ಯಾಟ್. ಜೋಡಿ ಗಾಜು ಅದನ್ನು ಅರ್ಧಕ್ಕೆ ಇಳಿಸುತ್ತದೆ. ಅಂದರೆ ಉಳಿತಾಯ 40 ವ್ಯಾಟ್ ಆಸುಪಾಸು. ಅದೇ ಕಿಟಕಿಯ ಮೇಲೆ ಇಳಿಹೊತ್ತಿನಲ್ಲಿ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬಿದ್ದರೆ, ಸಾದಾ ಒಂಟಿ ಗಾಜು ಅದರಲ್ಲಿ 900 ವ್ಯಾಟಿನಷ್ಟನ್ನು ಒಳಗೆ ಬಿಡುತ್ತದೆ; ಸಾದಾ ಜೋಡಿ ಗಾಜು ಕೂಡ 780 ವ್ಯಾಟ್ ಬಿಡುತ್ತದೆ. ಬಿಸಿಲನ್ನು ಹಿಂದಕ್ಕೆ ಅಟ್ಟುವ ಲೇಪನವಿರುವ ಸೋಲಾರ್ ಕಂಟ್ರೋಲ್ ಗಾಜಾದರೆ ಒಳಗೆ ಬರುವುದು 400 ವ್ಯಾಟಿಗಿಂತ ಕಡಿಮೆಯಾಗಬಹುದು. ಕಿಟಕಿಯ ಹೊರಗೆಯೇ ಬಿಸಿಲನ್ನು ತಡೆದರೆ, ಅಂದರೆ ಬಿದಿರಿನ ಚಿಕ್ ಪರದೆ, ಮಡಚುವ ಲೂವರ್ ಅಥವಾ ಹೊರಗೊಂದು ಮರದ ಬಾಗಿಲು ಹಾಕಿದರೆ, ಅದಕ್ಕಿಂತಲೂ ಕಡಿಮೆಯಾಗುತ್ತದೆ. ಪರದೆ ಒಳಗಿದ್ದರೆ ಅಷ್ಟು ಪ್ರಯೋಜನವಿಲ್ಲ, ಏಕೆಂದರೆ ಬಿಸಿಲು ಆಗಲೇ ಗಾಜು ದಾಟಿ ಕೋಣೆಯೊಳಗೆ ಬಂದಾಗಿರುತ್ತದೆ.

ಸಜ್ಜಾ ಇದೆಯಲ್ಲ ಎಂದು ನೀವು ಕೇಳಬಹುದು. ಸಜ್ಜಾ ನೆರಳು ಕೊಡುವುದು ಸೂರ್ಯ ಎತ್ತರದಲ್ಲಿದ್ದಾಗ. ಪಶ್ಚಿಮದ ಬಿಸಿಲು ಸಂಜೆ ಅಡ್ಡಕ್ಕೆ ಬೀಳುವುದರಿಂದ ಸಜ್ಜಾದ ಅಡಿಯಿಂದಲೇ ಒಳಗೆ ನುಗ್ಗುತ್ತದೆ. ದಪ್ಪ ಕಲ್ಲುಗೋಡೆಗೆ ಕಿರಿದಾದ ಕಿಟಕಿ, ಅದಕ್ಕೆ ಮರದ ಗಟ್ಟಿ ಬಾಗಿಲು ಇಡುತ್ತಿದ್ದ ನಿಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಅಗಲವಾದ ಗಾಜಿನ ಕಿಟಕಿ ಬಂದ ಮೇಲೆ ಇದು ಶುರುವಾಯಿತು. ಆದ್ದರಿಂದ ಮೊದಲು ಹೊರಗಿನ ನೆರಳು ಮಾಡಿಸಿ ಒಂದು ಬೇಸಿಗೆ ನೋಡಿ. ಅದು ಸಾಲದಿದ್ದರೆ ಗಾಜನ್ನು ಮಾತ್ರ ಸೋಲಾರ್ ಕಂಟ್ರೋಲ್‌ಗೆ ಬದಲಿಸಿ. ಇಡೀ ಕಿಟಕಿಯನ್ನು ಕೀಳಿಸಿ ಜೋಡಿ ಗಾಜು ಹಾಕಿಸುವುದು ಕೊನೆಯ ಮಾತು. ಅಂಗಡಿಯವರು ಹಣ ವಾಪಸಾಗುತ್ತದೆಂದು ಹೇಳಿದ್ದರೆ ಎಷ್ಟು ವರ್ಷದಲ್ಲಿ, ಯಾವ ಗಾಜಿಗೆ ಎಂದು ಬರಹದಲ್ಲಿ ಕೇಳಿ. ಇನ್ನೊಂದು: ಕಡುಗಂದು ಅಥವಾ ಕಪ್ಪು ಬಣ್ಣದ ಯುಪಿವಿಸಿ ನೋಡಲು ಚೆಂದ, ಆದರೆ ನಿಮ್ಮ ಊರಿನ ಬಿಸಿಲಿಗೆ ಅದು ಹೆಚ್ಚು ಕಾದು ಹಿಗ್ಗುತ್ತದೆ, ಪಶ್ಚಿಮಕ್ಕೆ ಬಿಳಿಯದೇ ಇರಲಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲಿದ್ದೇವೆ. ಬಿಲ್ಡರ್ ಹಾಕಿಸಿದ ಸ್ಲೈಡಿಂಗ್ ಬಾಗಿಲುಗಳು ತಳ್ಳಿದರೂ ಸರಿಯುತ್ತಿಲ್ಲ. ಎಲ್ಲವನ್ನೂ ಬದಲಿಸಬೇಕೇ?
— ಓದುಗರೊಬ್ಬರು, ಮೈಸೂರು

ಉತ್ತರ: ಬಹುಶಃ ಬೇಡ. ಕೆಳಗಿನ ರೋಲರ್‌ಗಳು ಸವೆದಿರುತ್ತವೆ, ಅವನ್ನಷ್ಟೇ ಬದಲಿಸಬಹುದು. ಗಾಜಿನ ತೂಕ ದಪ್ಪದ ಪ್ರತಿ ಮಿಲಿಮೀಟರಿಗೆ ಚದರ ಮೀಟರಿಗೆ ಎರಡೂವರೆ ಕಿಲೋ, 5 ಮಿ.ಮೀ. ಗಾಜಿನ ಸಾಧಾರಣ ಬಾಗಿಲೊಂದು ಗಾಜಿನಲ್ಲಿಯೇ ಹತ್ತು ಹನ್ನೆರಡು ಕಿಲೋ ತೂಗುತ್ತದೆ. ನೈಲಾನಿನ ಒಂಟಿ ಚಕ್ರದ ರೋಲರ್ ಅದನ್ನು ಬಹಳ ದಿನ ಹೊರಲಾರದು. ಬೇರಿಂಗ್ ಇರುವ ಜೋಡಿ ಚಕ್ರದ ರೋಲರ್ ಹಾಕಿಸಿ, ಟ್ರ್ಯಾಕಿನ ತಗ್ಗು ಉಬ್ಬುಗಳನ್ನು ಸರಿಮಾಡಿಸಿ. ಬದಲಿಸಲೇಬೇಕಾದರೆ ಮೊದಲು ಸಂಘದ ನಿಯಮಗಳನ್ನು ನೋಡಿ; ಹೊರಗಿನ ಬಣ್ಣ ಮತ್ತು ಆಕಾರವನ್ನು ಬದಲಿಸಲು ಹಲವೆಡೆ ಅನುಮತಿ ಬೇಕು. ಆರನೆಯ ಮಹಡಿಯಲ್ಲಿ ಹೊರಕ್ಕೆ ತೆರೆಯುವ ಬಾಗಿಲಿನ ಬಗ್ಗೆ ನನಗೆ ಹಿಂಜರಿಕೆಯಿದೆ. ಗಾಳಿಗೆ ಬಡಿದು ಕೀಲು ಕಿತ್ತುಬಂದರೆ ಕೆಳಗೆ ನಡೆಯುವವರ ಗತಿಯೇನು? ಹಾಗೇನಾದರೂ ಹಾಕಿಸಿದರೆ ಬಾಗಿಲು ತೆರೆಯುವ ಕೋನವನ್ನು ಮಿತಿಗೊಳಿಸುವ ತಡೆ ಇರಲೇಬೇಕು, ಮನೆಯಲ್ಲಿ ಮಕ್ಕಳಿದ್ದರೆ ಒಳಗೆ ಗ್ರಿಲ್ಲೂ ಬೇಕು.

ಪ್ರಶ್ನೆ: ದುಬಾರಿ ಕಂಪನಿಯವರು ಹತ್ತು ವರ್ಷದ ವಾರಂಟಿ ಕೊಡುತ್ತೇವೆ ಎನ್ನುತ್ತಾರೆ, ಸ್ಥಳೀಯ ಅಂಗಡಿಯವರು ಒಂದೇ ವರ್ಷ ಎನ್ನುತ್ತಾರೆ. ವಾರಂಟಿ ನೋಡಿ ತೀರ್ಮಾನಿಸಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ವಾರಂಟಿ ಕಾರ್ಡನ್ನು ಓದಿ ತೀರ್ಮಾನಿಸಬಹುದು, ಹತ್ತು ವರ್ಷ ಎಂಬ ಮಾತನ್ನು ಕೇಳಿ ಅಲ್ಲ. ಸಾಮಾನ್ಯವಾಗಿ ಆ ಹತ್ತು ವರ್ಷ ಅನ್ವಯಿಸುವುದು ಪ್ರೊಫೈಲ್‌ನ ಬಣ್ಣ ಮತ್ತು ಆಕಾರಕ್ಕೆ. ಕೀಲು, ಬೀಗ, ರೋಲರ್‌ಗಳಿಗೆ ಬೇರೆ ಅವಧಿ, ಜೋಡಿ ಗಾಜಿನೊಳಗೆ ತೇವ ಸೇರುವುದಕ್ಕೆ ಬೇರೆ ಅವಧಿ, ಕೂರಿಸಿದ ಕೆಲಸಕ್ಕೆ ಇನ್ನೂ ಬೇರೆ. ಮೊದಲು ಹಾಳಾಗುವುದು ಪ್ರೊಫೈಲ್ ಅಲ್ಲದ್ದರಿಂದ ನಿಮಗೆ ಬೇಕಾಗಿರುವುದು ಉಳಿದ ಮೂರರ ಅವಧಿ. ಪ್ರೊಫೈಲ್ ತಯಾರಿಸುವವರು ಒಬ್ಬರು, ಅದನ್ನು ಕತ್ತರಿಸಿ ಬೆಸೆದು ಕಿಟಕಿ ಮಾಡುವವರು ಇನ್ನೊಬ್ಬರು, ಮನೆಗೆ ಬಂದು ಕೂರಿಸುವವರು ಮತ್ತೊಬ್ಬರು ಆಗಿರುವುದು ಈ ವ್ಯಾಪಾರದಲ್ಲಿ ಮಾಮೂಲು. ನೀರು ಸೋರಿದಾಗ ಮೂವರೂ ಒಬ್ಬರ ಕಡೆ ಒಬ್ಬರು ಕೈ ತೋರಿಸುತ್ತಾರೆ. ಕಾರ್ಡಿನ ಮೇಲೆ ಯಾರ ಹೆಸರು, ಯಾರ ಮೊಹರು ಇದೆ, ಹುಬ್ಬಳ್ಳಿ–ಧಾರವಾಡದಲ್ಲಿ ಅವರ ಕಡೆಯ ಕೆಲಸಗಾರರು ಯಾರು ಎಂಬುದನ್ನು ಕೇಳಿ.

ಸ್ಥಳೀಯ ಅಂಗಡಿಯವರು ಒಳ್ಳೆಯ ಪ್ರೊಫೈಲ್, ಒಳ್ಳೆಯ ಕೀಲು ಬಳಸುತ್ತಾರಾದರೆ, ಫೋನ್ ಮಾಡಿದ ದಿನವೇ ಬಂದು ಹಿಡಿಕೆ ಸರಿಮಾಡಿ ಹೋಗುವವರಾದರೆ, ಅವರ ಒಂದು ವರ್ಷವೇ ನನ್ನ ದೃಷ್ಟಿಯಲ್ಲಿ ಮೇಲು. ಅವರು ಐದಾರು ವರ್ಷಗಳ ಹಿಂದೆ ಕಿಟಕಿ ಹಾಕಿಕೊಟ್ಟ ಎರಡು ಮನೆಗಳ ವಿಳಾಸ ಪಡೆದು ಹೋಗಿ ನೋಡಿ. ಬಿಸಿಲು ಬೀಳುವ ಕಡೆಯ ಬಿಳಿ ಪ್ರೊಫೈಲ್ ಹಳದಿಗೆ ತಿರುಗಿದೆಯೇ, ಮೂಲೆಯ ಬೆಸುಗೆಯಲ್ಲಿ ಗೀರು ಬಿಟ್ಟಿದೆಯೇ, ಬಾಗಿಲು ಒಂದೇ ಬೆರಳಿಗೆ ಸರಿಯುತ್ತದೆಯೇ ಎಂದು ಪರೀಕ್ಷಿಸಿ. ಒಪ್ಪಂದವಾದ ಮೇಲೆ ಎರಡು ಹೆಚ್ಚುವರಿ ಹಿಡಿಕೆ, ಒಂದು ಜೊತೆ ಕೀಲು, ಎರಡು ಜೊತೆ ರೋಲರ್‌ಗಳನ್ನು ಕಿಟಕಿಯ ಜೊತೆಗೆಯೇ ಕೊಂಡು ಇಟ್ಟುಕೊಳ್ಳಿ. ಕೆಲವು ವರ್ಷಗಳಲ್ಲಿ ಕಂಪನಿ ಮಾದರಿ ಬದಲಿಸಿದರೆ ಅವೇ ಅಳತೆಯ ಭಾಗಗಳು ಅಂಗಡಿಯಲ್ಲಿ ಸಿಗುವುದಿಲ್ಲ, ಒಂದು ಹಿಡಿಕೆಗಾಗಿ ಇಡೀ ಬಾಗಿಲನ್ನೇ ಬದಲಿಸಿ ಎನ್ನುತ್ತಾರೆ.